ಎಲ್ಲ ರಿಪೋರ್ಟ್ ನಾರ್ಮಲ್, ಆದರೂ ಮಗುವಿಗೆ ಫಿಟ್ಸ್: ಮುಂದೇನು?

ಎರಡು ವರ್ಷದ ಮಗುವಿಗೆ ಪದೇ ಪದೇ ಫಿಟ್ಸ್, ನಡೆಯೋದೂ ಮರೆಯುತ್ತಿದೆ, ಎಂಆರ್‌ಐ ಮಾತ್ರ ನಾರ್ಮಲ್ ಅಂದುಕೊಳ್ಳಿ. ಸುಮ್ನೆ ಇನ್ನೊಂದು ಸ್ಕ್ಯಾನ್‌ಗೆ ಓಡುವ ಬದಲು, ಜೀನ್‌ನಲ್ಲಿ (ವಂಶವಾಹಿ) ದೋಷವಿದೆಯಾ ಅಂತ ತಿಳಿಯಲು ಜೆನೆಟಿಕ್ಸ್ ಡಾಕ್ಟರನ್ನು ನೋಡಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಅಪರೂಪದ ಕಾಯಿಲೆಗಳ ಕೇಂದ್ರವಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಯಾದರೆ 50 ಲಕ್ಷ ರೂಪಾಯಿವರೆಗೆ ನೆರವೂ ಸಿಗಬಹುದು.

ಮೊದಲು ಮೆಟಬಾಲಿಕ್ ಪರೀಕ್ಷೆಗಳ (ದೇಹದ ರಾಸಾಯನಿಕ ಕ್ರಿಯೆಗಳಲ್ಲಿ ತೊಂದರೆ ಇದೆಯಾ ಅಂತ ನೋಡುವ ಪರೀಕ್ಷೆಗಳು) ಬಗ್ಗೆ ಕೇಳಿ. ಉದಾಹರಣೆಗೆ ಬಯೋಟಿನಿಡೇಸ್ ಎಂಬ ಕಿಣ್ವದ (ಎನ್‌ಜೈಮ್) ಕೊರತೆಯಾಗಿದ್ದರೆ ಬಯೋಟಿನ್ ಎಂಬ ವಿಟಮಿನ್ನೇ ಔಷಧಿ. ಆದರೆ ಜೀವನಪೂರ್ತಿ ಕೊಡಬೇಕು, ತಡವಾದರೆ ಆದ ಹಾನಿ ಉಳಿದುಬಿಡಬಹುದು. ಎಕ್ಸೋಮ್ ಪರೀಕ್ಷೆ (ಜೀನ್‌ಗಳ ಮುಖ್ಯ ಭಾಗಗಳನ್ನು ಒಟ್ಟಿಗೆ ಓದುವ ಡಿಎನ್‌ಎ ಪರೀಕ್ಷೆ) ಬರೆದುಕೊಟ್ಟರೆ, ಹೋಲಿಸಿ ನೋಡಲು ಸಾಧ್ಯವಾದರೆ ಅಪ್ಪ-ಅಮ್ಮನ ರಕ್ತವನ್ನೂ ಕೊಡಿ. ಸಂಬಂಧದಲ್ಲೇ ಮದುವೆಯಾಗಿದ್ದರೆ ಮುಚ್ಚಿಡಬೇಡಿ, ಹೇಳಿದರೆ ಕಾರಣ ಹುಡುಕೋದು ಸುಲಭವಾಗುತ್ತದೆ. ಫಿಟ್ಸ್ ಬಂದಾಗ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ನಮ್ಮ ವಿವರಣೆಗಿಂತ ಅದೇ ಜಾಸ್ತಿ ಹೇಳುತ್ತದೆ. ಎಕ್ಸೋಮ್‌ನಲ್ಲೂ ಏನೂ ಸಿಗಲಿಲ್ವಾ? ಒಂದೆರಡು ವರ್ಷ ಬಿಟ್ಟು ಅದೇ ಡೇಟಾವನ್ನು ಮತ್ತೆ ನೋಡಿಸಿ, ಅಷ್ಟರಲ್ಲಿ ಜೀನ್‌ಗಳ ಬಗ್ಗೆ ಹೊಸದು ಗೊತ್ತಾಗಿರಬಹುದು.