ಆರ್‌ಟಿಕೆ ಡ್ರೋನ್ ಇದ್ರೂ ನೆಲದ ಮೇಲೆ ಗುರುತು ಯಾಕೆ?

ಪ್ರಶ್ನೆ: ತೆರೆದ ಗಣಿಯಲ್ಲಿ ಸರ್ವೆ ಕೆಲಸ ಮಾಡ್ತೀನಿ ಸರ್. ನಮ್ ಡ್ರೋನಲ್ಲೇ ಆರ್‌ಟಿಕೆ (ಸ್ಯಾಟಲೈಟ್ ಸಿಗ್ನಲ್ಲಿಂದ ಜಾಗವನ್ನ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳೋ ವ್ಯವಸ್ಥೆ) ಇದೆ, ಆದ್ರೂ ಗ್ರೌಂಡ್ ಕಂಟ್ರೋಲ್ ಪಾಯಿಂಟ್ (ಜಾಗ ನಿಖರವಾಗಿ ಅಳೆದು ನೆಲದ ಮೇಲೆ ಇಡೋ ಗುರುತು) ಇಡ್ಲೇಬೇಕು ಅಂತಾರೆ ಸೀನಿಯರ್, ಅರ್ಧ ದಿನ ಅದಕ್ಕೇ ಹೋಗುತ್ತೆ. ನಿಜವಾಗ್ಲೂ ಬೇಕಾ? ಮೈನಿಂಗ್ ಇಂಜಿನಿಯರುಗಳು ಗ್ರೌಂಡ್ ಕಂಟ್ರೋಲ್ ಅಂದ್ರೆ ಬೇರೇನೋ ಹೇಳ್ತಾರಲ್ಲ, ಅದೇನು?

ಉತ್ತರ: ಬೇಕು. ಆರ್‌ಟಿಕೆ ಹೇಳೋದು ಫೋಟೋ ತೆಗೆದಾಗ ಕ್ಯಾಮೆರಾ ಎಲ್ಲಿತ್ತು ಅಂತ, ನೆಲ ಎಲ್ಲಿದೆ ಅಂತ ಅಲ್ಲ. ಫೋಟೋಗಳಿಂದ ಗಣಿಯ 3ಡಿ ಮಾಡೆಲ್ ಕಟ್ಟೋ ಸಾಫ್ಟ್‌ವೇರು ಲೆನ್ಸಿನ ಫೋಕಲ್ ಲೆಂತನ್ನ ಚೂರು ತಪ್ಪಾಗಿ ಲೆಕ್ಕ ಹಾಕಿದ್ರೂ ಸಾಕು, ಇಡೀ ಮಾಡೆಲ್ಲು ಮೇಲಕ್ಕೋ ಕೆಳಕ್ಕೋ ಕೂತ್ಬಿಡುತ್ತೆ, ನೋಡೋಕೆ ಮಾತ್ರ ಒಂಚೂರೂ ಗೊತ್ತಾಗಲ್ಲ. 1 ಹೆಕ್ಟೇರ್ ಜಾಗದಲ್ಲಿ ಎತ್ತರ 10 ಸೆಂ.ಮೀ. ಕಮ್ಮಿ ಬಂದ್ರೆ, ಹೋದ ತಿಂಗಳ ಸರ್ವೆ ಜತೆ ಹೋಲಿಸಿದಾಗ 1,000 ಘನ ಮೀಟರ್ ಮಣ್ಣು ಅಗೆಯದೇನೇ ಅಗೆದ ಹಾಗೆ ಲೆಕ್ಕಕ್ಕೆ ಬರುತ್ತೆ! ಡ್ರೋನಿಗೆ ತಿದ್ದುಪಡಿ ಕಳಿಸೋ ನೆಲದ ಬೇಸ್ ಸ್ಟೇಷನ್ನಿಗೆ ಎಲಿಪ್ಸಾಯ್ಡ್ ಎತ್ತರ (ಭೂಮಿಯ ಗಣಿತದ ಮಾದರಿ ಆಕಾರದಿಂದ ಅಳೆದ ಎತ್ತರ) ಕೊಟ್ಟು ಗಣಿ ನಕ್ಷೆ ಸಮುದ್ರಮಟ್ಟದ ಲೆಕ್ಕದಲ್ಲಿ ಇದ್ರಂತೂ ವ್ಯತ್ಯಾಸ ಹತ್ತಾರು ಮೀಟರಿಗೆ ಹೋಗ್ಬಹುದು.

ಹಾಗಂತ ರಾಶಿ ರಾಶಿ ಪಾಯಿಂಟ್ ಬೇಡ. ಆರ್‌ಟಿಕೆ ಇರೋದ್ರಿಂದ ಕಮ್ಮಿ ಸಾಕು, ಆದ್ರೆ ಎಲ್ಲಾ ಮೇಲ್ಗಡೆ ರಸ್ತೆ ಪಕ್ಕದಲ್ಲೇ ಇಟ್ರೆ ಉಪಯೋಗ ಇಲ್ಲ, ಅಂಚಲ್ಲಿ, ನಡುವಿನ ಬೆಂಚಲ್ಲಿ (ಗಣಿ ಗೋಡೆಯ ಮೆಟ್ಟಿಲಲ್ಲಿ), ತಳದಲ್ಲಿ ಹೀಗೆ ಬೇರೆ ಬೇರೆ ಎತ್ತರದಲ್ಲಿ ಇರ್ಬೇಕು. ನಾನು ತುಂಬಾ ಒತ್ತಿ ಹೇಳೋದು ಒಂದೇ: ಅದ್ರಲ್ಲಿ ಕೆಲವನ್ನ ಸಾಫ್ಟ್‌ವೇರಿಗೆ ಕೊಡ್ಲೇಬೇಡಿ, ಚೆಕ್ ಪಾಯಿಂಟ್ ಅಂತ ಪಕ್ಕಕ್ಕಿಡಿ. ಕೊಟ್ಟ ಪಾಯಿಂಟುಗಳ ಎರರ್ ತೋರಿಸಿ 2 ಸೆಂ.ಮೀ. ನಿಖರತೆ ಅಂತ ರಿಪೋರ್ಟ್ ಬರೀತಾರಲ್ಲ, ಅದು ಉತ್ತರ ನೋಡ್ಕೊಂಡು ಪರೀಕ್ಷೆ ಬರೆದ ಹಾಗೆ. ಬ್ಲಾಸ್ಟಿಂಗ್ ಆದ್ಮೇಲೆ ಹಳೇ ಪಾಯಿಂಟನ್ನ ನಂಬ್ಬೇಡಿ, ಮತ್ತೆ ಅಳೀರಿ.

ಎತ್ತರದ ಗೋಡೆ ಹತ್ರ ಅರ್ಧ ಆಕಾಶ ಮುಚ್ಚಿರುತ್ತೆ, ಸಿಗ್ನಲ್ಲು ಬಂಡೆಗೆ ಬಡಿದು ಬರುತ್ತೆ, ರೋವರ್ (ಪಾಯಿಂಟ್ ಅಳೆಯೋ ಕೈಯಲ್ಲಿನ ಸ್ಯಾಟಲೈಟ್ ರಿಸೀವರ್) ಫಿಕ್ಸ್, ಅಂದ್ರೆ ನಿಖರ ಜಾಗ ಸಿಕ್ತು ಅಂತ ತೋರಿಸ್ತಿದ್ರೂ ಅಳತೆ ತಪ್ಪಿರ್ಬಹುದು. ಅಲ್ಲಿ ಟೋಟಲ್ ಸ್ಟೇಷನ್ (ಸ್ಯಾಟಲೈಟ್ ಇಲ್ಲದೆ ಕೋನ, ದೂರ ಅಳೆಯೋ ಉಪಕರಣ) ಬಳಸಿ.

ಎರಡನೇ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಮೈನಿಂಗಿನವ್ರಿಗೆ ಗ್ರೌಂಡ್ ಕಂಟ್ರೋಲ್ ಅಂದ್ರೆ ಸುರಂಗದ ಚಾವಣಿ ಕುಸಿಯದ ಹಾಗೆ, ಗಣಿ ಗೋಡೆ ಜಾರದ ಹಾಗೆ ರಾಕ್ ಬೋಲ್ಟು, ಮೆಶ್ಶು, ಶಾಟ್‌ಕ್ರೀಟ್ (ಸಿಂಪಡಿಸೋ ಕಾಂಕ್ರೀಟ್) ಹಾಕಿ ಹಿಡಿದಿಡೋದು, ಇಳಿಜಾರಿನ ಮೇಲೆ ಕಣ್ಣಿಡೋದು. ಟಾರ್ಗೆಟ್ ಹಿಡ್ಕೊಂಡು ಗೋಡೆ ಬುಡಕ್ಕೆ ಹೋಗೋಕೆ ಮುಂಚೆ ಅವ್ರನ್ನ ಕೇಳಿ. ಅಲ್ಲಿ ಕಲ್ಲು ಉದುರ್ತಿದೆ ಅಂದ್ರೆ ಆ ಪಾಯಿಂಟನ್ನೇ ಬಿಟ್ಬಿಡಿ, ದೂರದಿಂದ ಅಳೆಯೋಕೆ ಟೋಟಲ್ ಸ್ಟೇಷನ್ ಇದ್ದೇ ಇದೆ.