ಟಾರ್ಕ್ ತಾಳೆಯಾಯಿತು, ಬಣ್ಣ ಮಾತ್ರ ಬೆರೆಯಲಿಲ್ಲ

ಪ್ರಶ್ನೆ: ಬ್ಯಾಫಲ್‌ಗಳಿಲ್ಲದ (ಗೋಡೆಗೆ ಅಂಟಿಸಿದ ತಡೆಪಟ್ಟಿಗಳಿಲ್ಲದ) ದುಂಡನೆಯ ಟ್ಯಾಂಕಿನಲ್ಲಿ ಗ್ಲಿಸರಿನ್ ತುಂಬಿ, 10 ಸೆಂ.ಮೀ. ವ್ಯಾಸದ, ಆರು ಅಲಗುಗಳ ಟರ್ಬೈನ್ ಇಂಪೆಲರ್ (ಕಲಕುವ ಚಕ್ರ) ಅನ್ನು ನಿಮಿಷಕ್ಕೆ 60 ಸುತ್ತಿನಂತೆ ತಿರುಗಿಸುತ್ತಿದ್ದೇವೆ. ಕಂಪ್ಯೂಟರ್ ಸಿಮ್ಯುಲೇಶನ್ ಹೇಳಿದ ಟಾರ್ಕ್ (ತಿರುಗಿಸಲು ಬೇಕಾದ ತಿರುಚು ಬಲ) ಅಳತೆಗೆ ಬಹಳ ಹತ್ತಿರವಿದೆ. ಆದರೆ ಬಣ್ಣ ಹಾಕಿದರೆ ಇಂಪೆಲರ್‌ನ ಮೇಲೊಂದು, ಕೆಳಗೊಂದು ಉಂಗುರ ಬೆರೆಯದೆ ಉಳಿಯುತ್ತದೆ. ಸಿಮ್ಯುಲೇಶನ್ ಪ್ರಕಾರ ಅಷ್ಟರಲ್ಲಿ ಮಿಶ್ರಣ ಮುಗಿದಿರಬೇಕು. ಯಾವುದನ್ನು ನಂಬಬೇಕು? ಮುಂದೆ ಇದೇ ಮಾದರಿಯನ್ನು ಜೆಲ್‌ಗೂ ಬಳಸಬೇಕಿದೆ.

ಉತ್ತರ: ಮಿಶ್ರಣದ ಮಟ್ಟಿಗೆ ಟ್ಯಾಂಕನ್ನೇ ನಂಬಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗ್ಲಿಸರಿನ್‌ನ ಸ್ನಿಗ್ಧತೆ (ಹರಿಯಲು ಒಡ್ಡುವ ಪ್ರತಿರೋಧ) ಸುಮಾರು 1.4 ಪಾಸ್ಕಲ್-ಸೆಕೆಂಡ್ ಆಗಿರುವುದರಿಂದ ನಿಮ್ಮ ರೆನಾಲ್ಡ್ಸ್ ಸಂಖ್ಯೆ (ಸ್ನಿಗ್ಧತೆಗೆ ಹೋಲಿಸಿದರೆ ಹರಿವಿನ ಜಡತ್ವ ಎಷ್ಟೆಂದು ಹೇಳುವ ಅನುಪಾತ) 9ರ ಆಸುಪಾಸಿನಲ್ಲಿದೆ. ಅದೇ ಇಂಪೆಲರ್ ಅದೇ ವೇಗದಲ್ಲಿ ನೀರಿನಲ್ಲಿ ತಿರುಗಿದ್ದರೆ ಅದು 10,000 ಆಗುತ್ತಿತ್ತು. ನಿಮ್ಮ ಟ್ಯಾಂಕಿನಲ್ಲಿರುವುದು ಪ್ರಕ್ಷುಬ್ಧತೆಯೇ ಇಲ್ಲದ ಪದರ ಹರಿವು. ಇಲ್ಲಿ ಟಾರ್ಕ್ ನಿರ್ಧಾರವಾಗುವುದು ಬಹುಮಟ್ಟಿಗೆ ಅಲಗುಗಳ ಸಮೀಪದ ದ್ರವದಲ್ಲಿ. ಅಷ್ಟು ಜಾಗದಲ್ಲಿ ಮೆಶ್ (ಲೆಕ್ಕಕ್ಕಾಗಿ ದ್ರವವನ್ನು ವಿಭಾಗಿಸಿದ ಪುಟ್ಟ ಕೋಶಗಳ ಜಾಲ) ಸೂಕ್ಷ್ಮವಾಗಿದ್ದರೆ, ಉಳಿದ ಟ್ಯಾಂಕಿನ ಲೆಕ್ಕ ಒರಟಾಗಿದ್ದರೂ ಟಾರ್ಕ್ ತಾಳೆಯಾಗಿಬಿಡುತ್ತದೆ. ಹೀಗಾಗಿ ಟಾರ್ಕ್ ಹೊಂದಿಕೆಯು ಅಗತ್ಯವಾದ ಪರೀಕ್ಷೆಯೇ ಹೊರತು ಮಿಶ್ರಣಕ್ಕೆ ಪುರಾವೆಯಲ್ಲ.

ಉಂಗುರಗಳು ಸಿಮ್ಯುಲೇಶನ್‌ನಲ್ಲಿ ಮಾಯವಾಗಲು ಬಹುಪಾಲು ಕಾರಣ ಸಂಖ್ಯಾತ್ಮಕ ವಿಸರಣ. ನಿಜವಾದ ಗ್ಲಿಸರಿನ್‌ನಲ್ಲಿ ಬಣ್ಣದ ಅಣುಗಳು ಎಷ್ಟು ನಿಧಾನವಾಗಿ ಹರಡುತ್ತವೆಂದರೆ, ಉಂಗುರದಂಥ ಮುಚ್ಚಿದ ಸುಳಿಯೊಳಗಿನ ದ್ರವವು ಹೊರಗಿನ ದ್ರವದೊಂದಿಗೆ ಸೇರುವ ದಾರಿಯೇ ಇಲ್ಲವೆನ್ನಬಹುದು. ಸಾಫ್ಟ್‌ವೇರ್ ಮಾತ್ರ ಪ್ರತಿ ಕೋಶದೊಳಗಿನ ಬಣ್ಣವನ್ನು ಸರಾಸರಿ ಮಾಡುತ್ತಾ ಸಾಗಿ, ಇಲ್ಲದ ವಿಸರಣವನ್ನು ತಾನೇ ಸೃಷ್ಟಿಸುತ್ತದೆ. ಮೆಶ್ ಅನ್ನು ಎರಡು-ಮೂರು ಹಂತ ಸೂಕ್ಷ್ಮಗೊಳಿಸಿ ನೋಡಿ. ಪ್ರತಿ ಬಾರಿಯೂ ಮಿಶ್ರಣದ ಅವಧಿ ಹೆಚ್ಚುತ್ತಾ ಹೋದರೆ, ನೀವು ಇಷ್ಟು ದಿನ ಅಳೆದದ್ದು ದ್ರವವನ್ನಲ್ಲ, ಮೆಶ್ಶನ್ನು. ಬಣ್ಣದ ಸಾಂದ್ರತೆಯ ಸಮೀಕರಣವನ್ನು ಬಿಟ್ಟು, ಸಾವಿರಾರು ತೂಕರಹಿತ ಕಣಗಳನ್ನು ಹರಿವಿನಲ್ಲಿ ಬಿಟ್ಟು, ಅವು ಒಂದು ಲಂಬ ತಲವನ್ನು ದಾಟುವ ಬಿಂದುಗಳನ್ನು ಗುರುತಿಸುವುದು ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕ ವಿಧಾನ: ಉಂಗುರ ನಿಜವಾಗಿದ್ದರೆ ಅಲ್ಲಿಗೆ ಹೊರಗಿನ ಕಣ ಒಂದೂ ಬರುವುದಿಲ್ಲ. ಇದಕ್ಕೆ ಅಲಗುಗಳು ನಿಜವಾಗಿ ತಿರುಗುವ ಸ್ಲೈಡಿಂಗ್ ಮೆಶ್ ಬೇಕು. ಅಲಗನ್ನು ಒಂದೇ ಸ್ಥಾನದಲ್ಲಿ ನಿಲ್ಲಿಸಿದ ಲೆಕ್ಕ ಟಾರ್ಕ್‌ಗಷ್ಟೇ ಸಾಕು. ಪ್ರಕ್ಷುಬ್ಧ ಹರಿವಿನ ಮಾದರಿಯೇನಾದರೂ ಚಾಲನೆಯಲ್ಲಿ ಉಳಿದಿದೆಯೇ ಎಂದೂ ನೋಡಿಕೊಳ್ಳಿ.

ಪ್ರಯೋಗದ ಕಡೆಯೂ ಎಚ್ಚರ ಬೇಕು. ಗ್ಲಿಸರಿನ್ 20ರಿಂದ 25 ಡಿಗ್ರಿಗೆ ಏರಿದರೆ ಅದರ ಸ್ನಿಗ್ಧತೆ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಗಾಳಿಯ ತೇವ ಹೀರಿಕೊಂಡರೂ ಹಾಗೆಯೇ. ಡಬ್ಬಿಯ ಮೇಲಿನ ಅಂಕಿಯನ್ನು ನೆಚ್ಚದೆ, ಅಂದಂದೇ ಟ್ಯಾಂಕಿನಿಂದ ಮಾದರಿ ತೆಗೆದು ಅಳೆಯಿರಿ. ನಿಮ್ಮ ಟಾರ್ಕ್ 0.016 ನ್ಯೂಟನ್-ಮೀಟರ್‌ನ ಆಸುಪಾಸಿನಲ್ಲಿರುವುದರಿಂದ ಖಾಲಿ ಟ್ಯಾಂಕಿನಲ್ಲಿ ಅದೇ ವೇಗಕ್ಕೆ ಬೇರಿಂಗ್ ಘರ್ಷಣೆಯನ್ನು ಅಳೆದು ಕಳೆಯದಿದ್ದರೆ ಹೊಂದಿಕೆ ಬರೀ ಕಾಕತಾಳೀಯವಾಗಬಹುದು. ಬಣ್ಣವನ್ನು ನೀರಿನಲ್ಲಲ್ಲ, ಅದೇ ಗ್ಲಿಸರಿನ್‌ನಲ್ಲಿ ಕರಗಿಸಿ. ಟ್ಯಾಂಕನ್ನು ಅದೇ ದ್ರವ ತುಂಬಿದ ಚೌಕದ ಪಾರದರ್ಶಕ ಪೆಟ್ಟಿಗೆಯೊಳಗೆ ಇಟ್ಟರೆ ದುಂಡು ಗೋಡೆಯಿಂದಾಗುವ ಬೆಳಕಿನ ವಕ್ರೀಭವನ ತಗ್ಗಿ, ಉಂಗುರದ ಅಂಚನ್ನು ಸರಿಯಾಗಿ ಅಳೆಯಬಹುದು. ಉಂಗುರಗಳನ್ನು ಮುರಿಯಲು ಶಾಫ್ಟ್ ಅನ್ನು ನಡುವಿನಿಂದ ಸ್ವಲ್ಪ ಸರಿಸುವುದು ಅಥವಾ ವೇಗವನ್ನು ಆಗಾಗ ಬದಲಿಸುವುದು ಅಗ್ಗದ ಉಪಾಯ.

ಜೆಲ್ ವಿಷಯ ಬೇರೆ. ಒಂದು ಮಿತಿಯ ಒತ್ತಡ ಬೀಳುವವರೆಗೆ ಹರಿಯದ ಇಂಥ ದ್ರವದಲ್ಲಿ ಇಂಪೆಲರ್ ಸುತ್ತ ಗುಹೆಯಂಥ ಜಾಗವಷ್ಟೇ ಕದಲುತ್ತದೆ, ಉಳಿದದ್ದು ನಿಂತಲ್ಲೇ ಇರುತ್ತದೆ. ಸಂಶೋಧಕರಾದ ಮೆಟ್ಜ್ನರ್ ಮತ್ತು ಆಟೊ 1957ರಲ್ಲಿ ಕೊಟ್ಟ ಸೂತ್ರದಂತೆ, ಟರ್ಬೈನ್‌ಗೆ ಸೆಕೆಂಡಿನ ಸುತ್ತುಗಳನ್ನು ಸುಮಾರು 11ರಿಂದ ಗುಣಿಸಿದರೆ ಸರಾಸರಿ ಶಿಯರ್ ದರ (ದ್ರವದ ಪದರಗಳು ಒಂದರ ಮೇಲೊಂದು ಜಾರುವ ದರ) ಸಿಗುತ್ತದೆ. ಆದರೆ ಅದು ಇಂಪೆಲರ್ ತಿರುಗಿಸಲು ಬೇಕಾದ ಶಕ್ತಿಯ ಅಂದಾಜಿಗೆ. ಗುಹೆಯ ಗಾತ್ರವನ್ನು ಅದು ಹೇಳುವುದಿಲ್ಲ. ಗುಹೆಯ ಅಂಚಿನಲ್ಲಿ ಶಿಯರ್ ದರ ಸೊನ್ನೆಗೆ ಹತ್ತಿರವಾಗುವುದರಿಂದ, ಜೆಲ್‌ನ ಗುಣವನ್ನು ಅತಿ ಕಡಿಮೆ ಶಿಯರ್ ದರಗಳಲ್ಲೂ ಅಳೆದು ಮಾದರಿಗೆ ಕೊಡಬೇಕು. ಬಳಿಕ ಪಾರದರ್ಶಕವಾದ ಕಾರ್ಬೊಪಾಲ್ ಜೆಲ್‌ನಲ್ಲಿ ಇಂಪೆಲರ್ ಪಕ್ಕಕ್ಕೆ ಬಣ್ಣ ಚುಚ್ಚಿ, ಮೂರು-ನಾಲ್ಕು ವೇಗಗಳಲ್ಲಿ ಗುಹೆಯ ವ್ಯಾಸವನ್ನೂ ಎತ್ತರವನ್ನೂ ಸಿಮ್ಯುಲೇಶನ್‌ನೊಂದಿಗೆ ಹೋಲಿಸಿ.