ಸ್ಪ್ರಾಕೆಟ್ ನಟ್ ಬಿಚ್ಚುವವರೆಗೆ ಚೈನು ಇರಲಿ

ಪ್ರಶ್ನೆ: ಹಳೆಯ ಬೈಕಿನ ಮುಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಸವೆದಿದೆ. ಚೈನು ತೆಗೆದು, ಗೇರಿಗೆ ಹಾಕಿ ಪಾನಾ ತಿರುಗಿಸಿದರೆ ನಟ್ಟಿನ ಜೊತೆ ಎಂಜಿನ್ನೇ ತಿರುಗುತ್ತದೆ. ಚಾಣ ಇಟ್ಟು ಹೊಡೆಯಬಹುದೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ದಯವಿಟ್ಟು ಹೊಡೆಯಬೇಡಿ. ಆ ಏಟು ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗಿಗೆ ಹೋಗುತ್ತದೆ, ನಟ್ಟಿನ ಮೂಲೆಗಳೂ ಹಾರುತ್ತವೆ. ನಿಮ್ಮಲ್ಲಿ ಕೊರತೆಯಾಗಿರುವುದು ಶಕ್ತಿಯಲ್ಲ, ಹಿಡಿತ. ತೆಗೆದ ಚೈನನ್ನು ಮತ್ತೆ ಹಾಕಿ, ಜೋಲು ತೆಗೆದು ಬಿಗಿ ಮಾಡಿ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರನ್ನು ಮೇಲೆ ಕೂರಿಸಿ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿಸಿ. ಆಗ ಸ್ಪ್ರಾಕೆಟ್ಟನ್ನು ಹಿಡಿಯುವುದು ಚೈನು ಮತ್ತು ಚಕ್ರ; ಗೇರಿನ ಹಲ್ಲುಗಳಿಗೆ ಭಾರ ಬೀಳುವುದಿಲ್ಲ. ಚಕ್ರದ ಕಡ್ಡಿಗಳ ನಡುವೆ ಕೋಲು ತೂರಿಸುವ ರೂಢಿ ಬೇಡ, ಕಡ್ಡಿ ಬಾಗುತ್ತವೆ.

ಇದಕ್ಕೂ ಮೊದಲು ಸ್ವಚ್ಛತೆ. ಕಬ್ಬಿನ ಹೊಲದ ಎರೆಮಣ್ಣು ಚೈನಿನ ಎಣ್ಣೆಯೊಂದಿಗೆ ಸೇರಿ ಕವರಿನೊಳಗೆ ಕಲ್ಲಾಗಿರುತ್ತದೆ, ಹಸಿ ಹಿಡಿದು ತುಕ್ಕು ಹತ್ತಿಸುತ್ತದೆ. ಡೀಸೆಲ್ ಹಚ್ಚಿ ಬ್ರಷ್‌ನಿಂದ ಉಜ್ಜಿದಾಗ ನಟ್ ಸಡಿಲವಾಗದಂತೆ ತಡೆಯುವ ಲಾಕ್ ವಾಷರ್ ಕಾಣುತ್ತದೆ. ಅದರ ಮಡಿಚಿದ ಅಂಚು ಪೂರ್ತಿ ಚಪ್ಪಟೆಯಾಗಬೇಕು. ಬಹಳಷ್ಟು ನಟ್‌ಗಳು ಬಿಚ್ಚದಿರುವುದು ಈ ಅರೆಮಡಿಕೆಯಿಂದಲೇ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ.

ಆರು ಮೂಲೆಯ ಗೋಟಿ ಪಾನಾ, ಅರ್ಧ ಇಂಚಿನ ಚೌಕ ತುದಿಯ ಹಿಡಿಕೆ, ಅದಕ್ಕೆ 3 ಅಡಿ ಪೈಪು ಸಾಕು. ತುದಿಯಲ್ಲಿ 30 ಕಿಲೋ ಭಾರ ಬಿಟ್ಟರೂ ಸುಮಾರು 270 ನ್ಯೂಟನ್ ಮೀಟರ್ ತಿರುಗುಬಲ ಸಿಗುತ್ತದೆ. ಜಗ್ಗಬೇಡಿ, ನಿಧಾನವಾಗಿ ಭಾರ ಹೇರಿ. ಸಾಮಾನ್ಯ ಥ್ರೆಡ್ಡಾದರೆ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕು. ಕೆಲವು ಗಾಡಿಗಳಲ್ಲಿ ಉಲ್ಟಾ ಥ್ರೆಡ್ ಇರುವುದರಿಂದ ಮೊದಲು ಮ್ಯಾನುಯಲ್ ನೋಡಿ.

ಹಿಂದೆ ಯಾರೋ ಥ್ರೆಡ್ಡಿಗೆ ನಟ್ ಸಡಿಲವಾಗದಂತೆ ಲಾಕ್ ಅಂಟು ಹಾಕಿದ್ದರೆ ಎಣ್ಣೆ ಕೆಲಸ ಮಾಡದು. ಗಟ್ಟಿ ಬಗೆಯ ಅಂಟು 250 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗುತ್ತದೆ, ಆದರೆ ಸ್ಪ್ರಾಕೆಟ್ ಹಿಂದಿರುವ ರಬ್ಬರ್ ಆಯಿಲ್ ಸೀಲ್ ಅಷ್ಟು ಕಾವು ತಡೆಯದು. ಪೆಟ್ರೋಲ್ ಟ್ಯಾಂಕ್ ತೆಗೆದು ದೂರವಿಟ್ಟು, ಡೀಸೆಲ್, ಎಣ್ಣೆ ಒರೆಸಿ, ಹಾಟ್ ಏರ್ ಗನ್ನಿನಿಂದ ನಟ್ಟಿಗೆ ಮಾತ್ರ ಕಾವು ಕೊಡಿ. ಸೀಲ್ ಹಾಳಾದರೂ ಚಿಕ್ಕ ಖರ್ಚು, ಶಾಫ್ಟ್ ಹಾಳಾದರೆ ಎಂಜಿನ್ ಸೀಳಬೇಕು.

ಆಗಲೂ ಜಗ್ಗದಿದ್ದರೆ ಇಂಪ್ಯಾಕ್ಟ್ ಗನ್ ಇರುವ ಲಾರಿ ಟೈರ್ ಅಂಗಡಿಗೆ ಒಯ್ಯಿರಿ. ಕೊನೆಯ ದಾರಿ, ನಟ್ಟನ್ನು ಒಂದು ಬದಿ ಗ್ರೈಂಡರಿನಿಂದ ಥ್ರೆಡ್ ಮುಟ್ಟದಂತೆ ತೆಳುವಾಗಿಸಿ ಸೀಳುವುದು. ಜೋಡಿಸುವಾಗ ಲಾಕ್ ವಾಷರ್ ಹೊಸದೇ ಇರಲಿ, ಎರಡೂ ಸ್ಪ್ರಾಕೆಟ್ ಮತ್ತು ಚೈನು ಒಟ್ಟಿಗೆ ಬದಲಿಸಿ. ಹಳೆಯ ಚೈನು ಹೊಸ ಹಲ್ಲನ್ನು ಬೇಗ ತಿನ್ನುತ್ತದೆ.